ಹುಣಸೆಹಣ್ಣು ತಿಕ್ಕಿದ ಗುಲ್ದಾನ

ದೋರನಹಳ್ಳಿಯ ನನ್ನ ತವರಿನಲ್ಲಿ ಹಬ್ಬಕ್ಕೆ ಎರಡು ದಿನ ಮುಂಚೆಯೇ ಹಿತ್ತಾಳೆ, ತಾಮ್ರವೆಲ್ಲ ಅಂಗಳಕ್ಕೆ ಬರಬೇಕು. ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತಿಕ್ಕಿದರೆ ಅದರಲ್ಲಿ ಮುಖ ಕಾಣಬೇಕು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ಮದುವೆಯಾಗಿ ಸುರಪುರಕ್ಕೆ ಬಂದ ಮೂರನೇ ವಾರಕ್ಕೆ ಬಕ್ರೀದ್ ಬಂತು. ಹಬ್ಬಕ್ಕೆ ಎರಡು ದಿನವಿರುವಾಗ ಅತ್ತೆ ಗೌಹರಬೇಗಂ ಬಟ್ಟೆ ತರಲು ಶಹಾಪುರಕ್ಕೆ ಹೋಗಿದ್ದರು. ಕಪಾಟಿನಲ್ಲಿ ಒಂದು ಗುಲ್ದಾನ ಕಣ್ಣಿಗೆ ಬಿತ್ತು. ದುಂಡು ಹೊಟ್ಟೆ, ಸಣ್ಣ ಕುತ್ತಿಗೆಯ ಹಳೇ ಹೂದಾನಿ; ಮೈತುಂಬ ಬೆಳ್ಳಿಯ ಹೂಬಳ್ಳಿ, ಬಳ್ಳಿಯ ಸುತ್ತ ಮಾತ್ರ ಕಪ್ಪೋ ಕಪ್ಪು. ಇಷ್ಟು ವರ್ಷ ಈ ಮನೆಯಲ್ಲಿ ಯಾರಿಗೂ ಕೈ ಇರಲಿಲ್ಲವೇ ಎಂದುಕೊಂಡು ಓಢಣಿ ಬಿಗಿದು ಕೂತೆ.

ಮೂರು ತಾಸು ತಿಕ್ಕಿದ ಮೇಲೆ ಕಪ್ಪು ಬಿಟ್ಟಿತು. ಆದರೆ ಕೆಳಗಿನಿಂದ ಹೊಳಪು ಬರಲಿಲ್ಲ, ಸತುವಿನ ಬೂದು ಬಣ್ಣ ಬಂತು. ಆ ಬೂದಿನಲ್ಲಿ ಬೆಳ್ಳಿಯ ಹೂಗಳನ್ನು ಹುಡುಕಬೇಕಾಯಿತು.

ಗಂಡ ತೌಫೀಕ್ ಬಂದು ನೋಡಿದವರೇ ಹಣೆ ಹಿಡಿದುಕೊಂಡರು. ಅದು ಬೀದರಿನ ಬಿದರಿ ಕೆಲಸವಂತೆ. ಕಪ್ಪೇ ಅದರ ಅಂದವಂತೆ. ಅತ್ತೆಯ ಅಜ್ಜಿ ಮದುವೆಯಲ್ಲಿ ತಂದದ್ದಂತೆ. ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ ಎಂದು ಅವರ ಮೇಲೇ ಹರಿಹಾಯ್ದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಇನ್ನು ಅತ್ತೆ ನನ್ನನ್ನು ಮನೆಯವಳೆಂದು ಒಪ್ಪುವುದಿಲ್ಲ ಎನಿಸಿತ್ತು.

ಅತ್ತೆ ಬಂದ ಕೂಡಲೇ ಗುಲ್ದಾನ ಮುಂದಿಟ್ಟು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ ಕೂತರು. ಬೈದಿದ್ದರೆ ನಾನೂ ಒಂದು ಮಾತಾಡುತ್ತಿದ್ದೆ. ಹಬ್ಬ ಮುಗಿದ ನಾಲ್ಕನೇ ದಿನ ಅವರು ಗುಲ್ದಾನವನ್ನು ಶಾಲಿನಲ್ಲಿ ಸುತ್ತಿ, ಬುರ್ಖಾ ಹಾಕಿಕೋ, ಬೀದರಿಗೆ ಹೋಗಬೇಕು ಎಂದರು. ಬಸ್ಸಿನಲ್ಲಿ ಕಲಬುರಗಿ ದಾಟುವವರೆಗೂ ಅತ್ತೆ ಗುಲ್ದಾನವನ್ನು ಮಡಿಲಿನಿಂದ ಇಳಿಸಲಿಲ್ಲ. ಆಮೇಲೆ ಒಂದು ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟರು. ಅದು ಕ್ಷಮೆಯೋ, ಹಸಿವೋ ತಿಳಿಯಲಿಲ್ಲ.

ಬಿದರಿ ಕೆಲಸದ ಮುದುಕರು ನಸೀರುದ್ದೀನ ಗುಲ್ದಾನ ಕಂಡದ್ದೇ ಲೊಚಗುಟ್ಟಿದರು. ಗಸಗಸೆ ಹೂವಿನ ಎಸಳನ್ನು ಇಷ್ಟು ತೆಳುವಾಗಿ ಕೂರಿಸುವ ಕೈ ಈಗ ಇಲ್ಲ, ಇದು ನಮ್ಮಜ್ಜನಿಗಿಂತ ಹಿಂದಿನವರ ಕೆಲಸ ಎಂದರು. ಕೋಟೆಯ ಹಳೇ ಮಣ್ಣಿಗೆ ನವಸಾಗರದ ಉಪ್ಪು ಕಲಸಿ, ಬೆಚ್ಚಗೆ ಮಾಡಿದ ಗುಲ್ದಾನಕ್ಕೆ ಬಳಿದು, ತಿಕ್ಕಿ, ತೊಳೆದರು. ಬೂದು ಮೈಯೆಲ್ಲ ಕಾಡಿಗೆಯಷ್ಟು ಕಪ್ಪಾಯಿತು. ಬೆಳ್ಳಿಗೆ ಮಾತ್ರ ಕಪ್ಪು ಹತ್ತಲೇ ಇಲ್ಲ. ಹೂಗಳೆಲ್ಲ ಒಮ್ಮೆಲೇ ಎದ್ದು ಬಂದವು. ನನಗೆ ಕುಣಿಯಬೇಕೆನಿಸಿತು.

ಅತ್ತೆ ಕೈ ಚಾಚಿದರು. ಮುದುಕರು ಕೊಡಲಿಲ್ಲ.

"ಮೊದಲ ಹೇಳ್ರಿ, ಇಂಥಾ ಸಾಮಾನಿಗಿ ಹುಣಸಿಹಣ್ಣ ಹಚ್ಚಿದ ಶಾಣ್ಯಾ ಯಾರು?"

"ನಾನs ತಿಕ್ಕೀನ್ರಿ," ಎಂದರು ಅತ್ತೆ.

ಮುದುಕರು ಅವರನ್ನು ತರಾಟೆಗೆ ತೆಗೆದುಕೊಂಡರು. ಇಷ್ಟು ವಯಸ್ಸಾದರೂ ಬುದ್ಧಿ ಬೇಡವೇ, ಹಿರಿಯರ ವಸ್ತುವಿಗೆ ಬೆಲೆ ಇಲ್ಲವೇ ಎಂದು ಒಂದೇ ಸಮ ಬೈದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನಿಂದ ತಡೆಯಲಾಗಲಿಲ್ಲ.

"ಅಮ್ಮಿ ಸುಳ್ಳ ಹೇಳಾಕತ್ತಾರ್ರಿ. ತಿಕ್ಕಿದಾಕಿ ನಾ."

ಮುದುಕರು ನಮ್ಮಿಬ್ಬರನ್ನೂ ನೋಡಿದರು. ಅತ್ತೆ ನನ್ನ ಕೈ ಹಿಡಿದೆಳೆದು ಹಿಂದೆ ನಿಲ್ಲಿಸಿಕೊಂಡರು.

"ಇಕಿ ನಮ್ಮನಿ ಮಗಳದಾಳ್ರಿ. ಬೈಯೂದಿದ್ರ ನನಗs ಬೈರಿ. ಇಕೀಗಿ ಬೈಯೂದು ನನ್ ಕೆಲಸ, ಮನಿಗಿ ಹೋಗಿ ನಾ ಬೈತೀನಿ."

ಮುದುಕರು ನಕ್ಕು ಗುಲ್ದಾನ ಕೊಟ್ಟುಬಿಟ್ಟರು. ನಾನು ಅಷ್ಟು ಸುಲಭಕ್ಕೆ ಕಣ್ಣೀರು ಹಾಕುವವಳಲ್ಲ, ಆದರೆ ಅವತ್ತು ಖುಷಿಗೆ ಗಳಗಳ ಅತ್ತುಬಿಟ್ಟೆ. ಬಸ್ ಸ್ಟ್ಯಾಂಡಿನವರೆಗೂ ನಾನು, ಮನೆಗೆ ಹೋಗುವವರೆಗೆ ಯಾಕೆ ಕಾಯಬೇಕು, ಈಗಲೇ ಬೈಯಿರಿ ಎಂದು ಅವರನ್ನು ಪೀಡಿಸುತ್ತಲೇ ಬಂದೆ.