ಇಳಿಸಿ ಬರೆದ ಅಂಕಿ

ಮೊದಲ ಸಲ ಸುಳ್ಳು ಹೇಳಿದಾಗ ಶಾಂಭವಿಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಕಗ್ಗದಾಸಪುರದ ಬಾಡಿಗೆ ಮನೆಯ ಕೆಳಗಿನ ಹಜಾರದಲ್ಲಿ ಮನೆಯೊಡತಿ ಆಂಜನಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಮಷೀನಿನ ಗುಂಡಿ ಒತ್ತಿದ್ದರು. ಪಟ್ಟಿ ಬಿಗಿದು, ಸಡಿಲವಾಗಿ, ಅಂಕಿ ಮೂಡಿತು. ಆಂಜನಮ್ಮನ ಕಣ್ಣಿಗೆ ಪೊರೆ ಬಂದಿತ್ತು. ತಮ್ಮ ಗಂಡ ದೊಡ್ಡಮುನಿಯಪ್ಪನಿಗೆಂದು ಕೊಂಡ ಆ ಮಷೀನನ್ನು ಹೇಗೆ ಕಟ್ಟಬೇಕೆಂದು ಅವರಿಗೆ ಗೊತ್ತಿತ್ತು, ಅಂಕಿ ಮಾತ್ರ ಯಾರಾದರೂ ಓದಿ ಹೇಳಬೇಕಿತ್ತು.

"ಎಷ್ಟು ತೋರಿಸ್ತೈತೆ ನೋಡಮ್ಮ."

ನೂರಾ ನಲವತ್ತೆಂಟು, ತೊಂಬತ್ತಾರು ಎಂದಿತ್ತು.

"ನೂರಾ ಇಪ್ಪತ್ತೆಂಟು, ಎಂಬತ್ತಾರು," ಎಂದಳು ಶಾಂಭವಿ.

ಈಗಷ್ಟೇ ಮೆಟ್ಟಿಲಿಳಿದು ಬಂದಿದ್ದೇನೆ, ಅದಕ್ಕೇ ಏರಿದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ. ಇಳಿಯುವುದನ್ನೇ ಸ್ವಲ್ಪ ಮುಂಚೆ ಬರೆದರೆ ಏನಾಯಿತು? ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಡಾಕ್ಟರಿಗೆ ತೋರಿಸಬೇಕಾದ ನೋಟುಬುಕ್ಕಿನಲ್ಲಿ ಬರೆದಳು. ಸಂಜೆ ನೋಡಿದರೆ ಇನ್ನೂ ಎರಡು ಹೆಚ್ಚಾಗಿತ್ತು.

ಶಾಂಭವಿ ಸುರಪುರದ ಕಡೆಯವಳು. ಎರಡು ವರ್ಷದ ಹಿಂದೆ, ಟೈಲ್ಸ್ ಕೆಲಸದ ದುರ್ಗೇಶನನ್ನು ಮನೆಯವರ ಮಾತು ಮೀರಿ ಮದುವೆಯಾಗಿ ಅವನ ಜೊತೆ ಬೆಂಗಳೂರಿಗೆ ಬಂದಿದ್ದಳು. ಜಾತಿ ಬೇರೆ. ಅಂದಿನಿಂದ ಅಪ್ಪ ಭಗವಂತರಾಯ ಅವಳ ಹೆಸರೆತ್ತಿರಲಿಲ್ಲ. ಅವ್ವ ಮಾನಮ್ಮ ಹಿತ್ತಲಿಗೆ ಹೋಗಿ ಸಣ್ಣ ದನಿಯಲ್ಲಿ ಫೋನು ಮಾಡುತ್ತಿದ್ದಳು, ಅಷ್ಟೇ. ಮಗಳು ಬಸುರಿ ಎಂದು ಗೊತ್ತಾದ ಮೇಲೂ ಅಪ್ಪ ಬಾಯಿ ತೆರೆಯಲಿಲ್ಲ. ಆರನೆಯ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಅವ್ವನ ನಂಬರಿನಿಂದ ಅಪ್ಪನ ದನಿ ಬಂತು.

"ಏಳರಾಗ ಕುಬುಸ ಮಾಡೂಣು ಅಂತ ನಿಮ್ಮವ್ವ ಅನ್ನಾಕತ್ತಾಳ. ಇಬ್ಬರೂ ಬರ್ರಿ."

ಸೀಮಂತದ ಕರೆಯನ್ನು ಇಷ್ಟರಲ್ಲೇ ಮುಗಿಸಿ ಫೋನಿಟ್ಟ. ಶಾಂಭವಿ ಒಲೆಯ ಮೇಲಿನ ಅನ್ನ ಸೀಯುವವರೆಗೂ ಫೋನು ಹಿಡಿದೇ ನಿಂತಿದ್ದಳು.

ಮರುವಾರ ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಲುಬ್ನಾ ಬಿ.ಪಿ. ಸ್ವಲ್ಪ ಹೆಚ್ಚಿದೆ ಎಂದು ಮಾತ್ರೆ ಬರೆದುಕೊಟ್ಟರು. ಊರಿಗೆ ಹೋಗಬಹುದಾ ಎಂದು ಕೇಳಿದಾಗ ಅವರು ಪೆನ್ನು ಕೆಳಗಿಟ್ಟರು.

"ರಾತ್ರಿಯೆಲ್ಲ ಬಸ್ಸಲ್ಲಿ ಕೂತ್ಕೊಂಡು ಹೋಗ್ಬೇಕು. ದಾರೀಲಿ ಏನಾದ್ರೂ ಆದ್ರೆ ಯಾರು ನೋಡ್ತಾರೆ? ಬೆಳಿಗ್ಗೆ, ಸಂಜೆ ಬಿ.ಪಿ. ನೋಡಿ ಬರ್ಕೊಂಡು ಬಾ. ನೂರಾ ನಲವತ್ತು, ತೊಂಬತ್ತು ದಾಟಬಾರದು. ಹದಿನೈದು ದಿನ ಹಾಗೇ ಇದ್ರೆ ಆಮೇಲೆ ನೋಡೋಣ."

ಆ ಹದಿನೈದು ದಿನ ಮನೆಯೊಳಗೆ ಶಾಂಭವಿಯ ಸುತ್ತ ಒಂದು ವ್ರತವೇ ನಡೆಯಿತು. ದುರ್ಗೇಶ ಅವಳಿಗೆ ಒಂದು ಬಿಂದಿಗೆ ನೀರನ್ನೂ ಎತ್ತಲು ಬಿಡಲಿಲ್ಲ. ಆಂಜನಮ್ಮ ತಮ್ಮ ಮನೆಯ ಸಾರಿನಲ್ಲಿ ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ಅವಳಿಗೆಂದು ತೆಗೆದಿಡುತ್ತಿದ್ದರು. ಉಪ್ಪಿಲ್ಲದ ಸೊಪ್ಪಿನ ಸಾರು ಗಂಟಲಲ್ಲಿ ಇಳಿಯದಿದ್ದರೂ ಅವರ ಮುಖ ನೋಡಿ ಕುಡಿಯುತ್ತಿದ್ದಳು. ಕುಡಿದು ತೋಳು ಚಾಚುತ್ತಿದ್ದಳು. ಮಷೀನು ನೂರಾ ಐವತ್ತು ಎಂದರೆ ಅವಳು ನೂರಾ ಮೂವತ್ತು ಎನ್ನುತ್ತಿದ್ದಳು. ಎಲ್ಲ ಒಂದೇ ಥರ ಕಂಡರೆ ಅನುಮಾನ ಬಂದೀತೆಂದು ನಡುವೆ ಒಂದು ದಿನ ನೂರಾ ಮೂವತ್ತಾರು ಎಂದಳು. ಅಂದು ಆಂಜನಮ್ಮ ದಿನವಿಡೀ ಮಂಕಾಗಿದ್ದರು. ಮರುದಿನ ನೂರಾ ಇಪ್ಪತ್ತಾರು ಎಂದು ಕೇಳಿ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದರು.

"ನನ್ನ ಕೈಗೆ ಬಂದ್ಮೇಲೆ ಇಳೀತು ನೋಡು," ಎಂದು ಪಕ್ಕದ ಮನೆಯ ಮಂಜುಳಮ್ಮನಿಗೂ ಹೇಳಿಕೊಂಡರು.

ಅದನ್ನು ಕೇಳಿದ ದಿನ ಶಾಂಭವಿಗೆ ನಿದ್ದೆ ಬರಲಿಲ್ಲ. ಹೊಟ್ಟೆಯೊಳಗೆ ಕೂಸು ಮಿಸುಕಿದಾಗಲೆಲ್ಲ, ನಿನಗೇನೂ ಆಗುವುದಿಲ್ಲ, ಅಜ್ಜನ ಮನೆಗೆ ಹೋಗಿ ಬಂದು ಎಲ್ಲ ಖರೆ ಹೇಳುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡಳು. ಬೆಳಿಗ್ಗೆ ಮತ್ತೆ ಇಪ್ಪತ್ತು ಇಳಿಸಿ ಬರೆದಳು. ಈಗ ಖರೆ ಹೇಳಿದರೆ ಹಿಂದಿನದೆಲ್ಲ ಸುಳ್ಳೆಂದು ಒಪ್ಪಿಕೊಂಡ ಹಾಗೆ. ಒಂದು ಸುಳ್ಳಿಗಿಂತ ಹತ್ತು ಸುಳ್ಳು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು, ಐದು ದಿನ ಬಿಟ್ಟರೆ ಅದು ಇಪ್ಪತ್ತಾಗುತ್ತಿತ್ತು.

ಹದಿನೈದು ದಿನ ಕಳೆದು ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದಾಗ ನೂರಾ ನಲವತ್ತಾರು ಬಂತು. ಶಾಂಭವಿ ನೋಟುಬುಕ್ಕು ಮುಂದಿಟ್ಟಳು.

"ಮನೇಲಿ ಚೆನ್ನಾಗಿದೆಯಲ್ಲ," ಎಂದರು ಡಾಕ್ಟರ್ ಲುಬ್ನಾ ಹಾಳೆ ತಿರುವುತ್ತ. "ಇಲ್ಲಿಗೆ ಬಂದ್ರೆ ಹೆದರ್ಕೋತೀಯಾ?"

"ಹೂಂ ರೀ."

ಅವರು ನಕ್ಕರು. ಮಾತ್ರೆಯನ್ನು ಹೆಚ್ಚಿಸಲಿಲ್ಲ. ಮೂತ್ರ ಪರೀಕ್ಷೆಯೂ ಪರವಾಗಿಲ್ಲ, ನಾಲ್ಕು ದಿನಕ್ಕಿಂತ ಹೆಚ್ಚು ಅಲ್ಲಿರಬೇಡ, ತಲೆನೋವು ಬಂದರೆ ಹತ್ತಿರದ ಆಸ್ಪತ್ರೆಗೆ ಹೋಗು ಎಂದು ಹೇಳಿ ಕಳಿಸಿದರು. ಹೊರಗೆ ಬಂದಾಗ ದುರ್ಗೇಶ ಖುಷಿಯಿಂದ ಅಲ್ಲೇ ನಿಂತು ಬಸ್ಸಿನ ಟಿಕೆಟ್ ಬುಕ್ ಮಾಡಿದ. ಅವನ ಮುಖ ನೋಡಲಾಗದೆ ಶಾಂಭವಿ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ತಲೆ ಬಗ್ಗಿಸಿದಳು.

ಹೊರಡುವ ದಿನ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ರಾತ್ರಿ ಹೊರಡುವುದಕ್ಕೆ ಮುಂಚೆ ಒಂದು ಕೆಲಸ ಮುಗಿಸಿ ಬರುತ್ತೇನೆಂದು ದುರ್ಗೇಶ ಕೆ.ಆರ್. ಪುರಕ್ಕೆ ಹೋಗಿದ್ದ. ಶಾಂಭವಿ ಗೋಡೆ ಹಿಡಿದುಕೊಂಡು ಕೆಳಗಿಳಿದಳು. ಕಣ್ಣೆದುರು ಬಿಸಿಲಿನಲ್ಲಿ ನೀರು ಎರಚಿದಂತೆ ಏನೋ ಮಿಣಮಿಣ ಎನ್ನುತ್ತಿತ್ತು. ಆಂಜನಮ್ಮ ಪಟ್ಟಿ ಸುತ್ತಿದರು.

"ಎಷ್ಟಮ್ಮ?"

ನೂರಾ ಎಪ್ಪತ್ತು, ನೂರಾ ಹತ್ತು. ಅಂಕಿ ಅಲುಗಾಡಿದಂತೆ ಕಂಡಿತು. ಇದರಲ್ಲಿ ಎಷ್ಟು ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಎಷ್ಟು ಅಂತ ಕೇಳ್ದೆ."

"ಅಮ್ಮಾ, ನಾ ದಿನಾ ಸುಳ್ಳ ಹೇಳೀನ್ರೀ."

ಆಂಜನಮ್ಮ ಮೊದಲು ಅರ್ಥವಾಗದೆ ನೋಡಿದರು. ಶಾಂಭವಿ ಇದ್ದ ಅಂಕಿ ಹೇಳಿದಳು, ನಿನ್ನೆಯದನ್ನೂ ಮೊನ್ನೆಯದನ್ನೂ ಹೇಳಿದಳು. ಅವರು ಪಟ್ಟಿ ಬಿಚ್ಚಿ, ಎದ್ದು ಹೋಗಿ ಮಗನನ್ನು ಕೂಗಿದರು. "ಮುನೀಂದ್ರ, ಕಾರ್ ತೆಗಿಯೋ. ಈಗ್ಲೇ."

ದಾರಿಯುದ್ದಕ್ಕೂ ಆಂಜನಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಆದರೆ ಮುಖ ಕಿಟಕಿಯ ಕಡೆಗಿತ್ತು. ಹಲಸೂರಿನ ಹತ್ತಿರ ಗಾಡಿಗಳು ಕಟ್ಟಿಕೊಂಡು ನಿಂತಾಗ ಒಂದೇ ಒಂದು ಸಲ ಮಾತಾಡಿದರು. "ಡಾಕ್ಟ್ರ ಹತ್ರ ಒಂದೂ ಮುಚ್ಚಿಡಬ್ಯಾಡ. ನನಗ್ ಮೋಸ ಮಾಡಿದ್ದು ಆಮೇಲೆ ನೋಡೋಣ."

ಶಾಂಭವಿ ಮುಚ್ಚಿಡಲಿಲ್ಲ. ಮನೆಯಲ್ಲಿ ನಿನ್ನೆಯವರೆಗೂ ಸರಿಯಿದ್ದದ್ದು ಹೇಗೆ ಇಷ್ಟು ಏರಿತು ಎಂದು ನೋಟುಬುಕ್ಕು ನೋಡುತ್ತಿದ್ದ ಡಾಕ್ಟರ್ ಲುಬ್ನಾಗೆ, "ಅದು ಸುಳ್ರೀ, ನಾನ ಇಳಿಸಿ ಬರದೀನಿ," ಎಂದಳು. ಡಾಕ್ಟರು ನೋಟುಬುಕ್ಕು ಮುಚ್ಚಿದರು.

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ್ರೀ."

"ನಿಜವಾಗಿ ಎಷ್ಟಿರ್ತಿತ್ತು?"

ಹೇಳಿದಳು. ಅವರು ಬರೆದುಕೊಂಡರು, ಬೈಯಲಿಲ್ಲ. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಡಿ, ಮಗುವನ್ನು ತೆಗೆಯಬೇಕಾಗಬಹುದು, ಗಂಡನನ್ನು ಕರೆಸಿ ಎಂದು ನರ್ಸ್‌ಗಳಿಗೆ ಹೇಳಿದರು. ಮೊದಲೇ ತಿಳಿದಿದ್ದರೆ ಮಾತ್ರೆ ಹೆಚ್ಚಿಸಿ ಇನ್ನಷ್ಟು ದಿನ ತಳ್ಳಬಹುದಿತ್ತೇನೋ ಎಂದು ಅವರು ಇನ್ನೊಬ್ಬ ಡಾಕ್ಟರಿಗೆ ಮೆಲ್ಲಗೆ ಹೇಳಿದ್ದು ಶಾಂಭವಿಯ ಕಿವಿಗೂ ಬಿತ್ತು. ಆ "ಏನೋ" ಎಂಬ ಮಾತನ್ನು ಅವಳು ಎಷ್ಟು ದಿನ ಹಿಡಿದುಕೊಂಡು ಕೂತಳೋ ಲೆಕ್ಕವಿಲ್ಲ.

ಅಂದು ಸಂಜೆ ಆಪರೇಷನ್ ಮಾಡಿ ಹೆಣ್ಣುಕೂಸನ್ನು ತೆಗೆದರು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಒಂದೂವರೆ ಕಿಲೋ ಇತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದಾಗ, ಮೂಗಿಗೆ ಕೊಳವೆ ಇಟ್ಟುಕೊಂಡು ಎದೆ ಏರಿಸಿ ಇಳಿಸುತ್ತಿದ್ದ ಆ ಜೀವವನ್ನು ನೋಡಿ ಅವಳಿಗೆ ಅಳು ಕೂಡ ಬರಲಿಲ್ಲ. ಮುಟ್ಟಬಹುದು ಎಂದಳು ನರ್ಸ್. ಶಾಂಭವಿ ಮುಟ್ಟಲಿಲ್ಲ.

ಅದೇ ಮಧ್ಯಾಹ್ನ ಅಪ್ಪ, ಅವ್ವ ಬಂದರು. ಅವ್ವ ಮಂಚದ ಮೇಲೆ ಕೂತು ಅವಳ ಕಾಲು ಒತ್ತತೊಡಗಿದಳು. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದ. ಎರಡು ವರ್ಷದಲ್ಲಿ ಮೀಸೆ ಪೂರಾ ಬೆಳ್ಳಗಾಗಿತ್ತು. ಬಿ.ಪಿ. ಒಮ್ಮೆಲೇ ಏರಿತು ಎಂದಷ್ಟೇ ದುರ್ಗೇಶ ಅವರಿಗೆ ಹೇಳಿದ್ದ. ಅವನಿಗೆ ಗೊತ್ತಿದ್ದದ್ದೂ ಅಷ್ಟೇ.

"ನನ್ನಿಂದ ಆತವ್ವಾ ಇದು," ಎಂದ ಅಪ್ಪ. "ಎರಡ ವರ್ಷ ನಿನ್ನ ಮಾರಿ ನೋಡಲಿಲ್ಲ. ಆ ಚಿಂತಿನ ನಿನ್ನ ರಕ್ತಕ್ಕ ಹತ್ತೈತಿ. ಬಸ್ಸಿನಾಗ ಕುಂತಾಗಿಂದ ಅದ ವಿಚಾರ ಮಾಡಾಕತ್ತೀನಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಆ ಭಾರವನ್ನು ಹೊತ್ತುಕೊಂಡು ಊರಿಗೆ ಹೋಗುತ್ತಿದ್ದ, ಮುಂದೆ ಎಂದೂ ಮಗಳ ಮೇಲೆ ಮುನಿಯುತ್ತಿರಲಿಲ್ಲ. ಶಾಂಭವಿಗೆ ಇದೆಲ್ಲ ಹೊಳೆಯಿತು. ಹೊಳೆದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಇಲ್ಲ ಯಪ್ಪಾ," ಎಂದು ಎಲ್ಲ ಹೇಳಿದಳು. ಗಂಡನ ಎದುರಿಗೇ ಹೇಳಿದಳು.

ದುರ್ಗೇಶ ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಚುತ್ತ ಕೇಳಿಸಿಕೊಂಡ. ಅದು ಮಡಚಲಾಗದಷ್ಟು ಸಣ್ಣದಾದ ಮೇಲೆ ಹೊರಗೆ ಹೋದ.

"ನಾ ಕರೀಲಿಲ್ಲ ಅಂದ್ರ ನೀ ಹಿಂಗ ಬರೀತಿದ್ದಿಲ್ಲ," ಎಂದ ಅಪ್ಪ.

"ನೀ ಕರದಿ ಅಂತ ಅಲ್ಲ. ನಂಗ ಊರಿಗೆ ಬರಬೇಕಾಗಿತ್ತು, ಅದಕ್ಕ ಸುಳ್ಳ ಬರದೀನಿ."

ಅಪ್ಪ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಕೂಸನ್ನು ಯಾವಾಗ ತೋರಿಸುತ್ತಾರೆ ಎಂದು ಕೇಳಿದ.

ದುರ್ಗೇಶ ಸಂಜೆ ತಿರುಗಿ ಬಂದ. ಅವನ ಕಣ್ಣು ಕೆಂಪಾಗಿತ್ತು. "ನಂಗರ ಹೇಳಬೇಕಿತ್ತಲ್ಲ ನೀ," ಎಂದ. ಎರಡು ದಿನ ಬೇಕಾದಷ್ಟೇ ಮಾತಾಡಿದ. ಮೂರನೆಯ ದಿನ ಅವನೇ ಅವಳನ್ನು ಕೂಸಿನ ಹತ್ತಿರ ಕರೆದುಕೊಂಡು ಹೋಗಿ, ಅವಳ ಬೆರಳು ಹಿಡಿದು ಗಾಜಿನ ಕಿಂಡಿಯೊಳಗೆ ತೂರಿಸಿದ. ಕೂಸು ಆ ಬೆರಳನ್ನು ಹಿಡಿಯಿತು.

ಆಂಜನಮ್ಮ ಒಂದು ವಾರ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಎಂಟನೆಯ ದಿನ ಬಂದವರು ಟಿಫಿನ್ ಡಬ್ಬಿ ಮಂಚದ ಮೇಲಿಟ್ಟರು.

"ನನಗಿನ್ನೂ ಕೋಪ ಹೋಗಿಲ್ಲ," ಎಂದರು. "ನನ್ನ ಕುರುಡುಗಣ್ಣು ಉಪಯೋಗಿಸ್ಕೊಂಡ್ಯಲ್ಲ, ಅದಕ್ಕೆ. ಹೋಗೋಕೆ ದಿನ ಹಿಡೀತೈತೆ. ನೀನ್ ಊಟ ಮಾಡು, ಎದೆಹಾಲು ಬರ್ಬೇಕು."

ಶಾಂಭವಿ ತಪ್ಪಾಯಿತು ಎಂದಳು. ಅವಳು ಉಂಡು ಮುಗಿಸುವವರೆಗೆ ಆಂಜನಮ್ಮ ಕೂತಿದ್ದು ಡಬ್ಬಿ ತೊಳೆದುಕೊಂಡು ಹೋದರು.

ಇಪ್ಪತ್ತಾರು ದಿನದ ಮೇಲೆ ಕೂಸನ್ನು ಕೈಗೆ ಕೊಟ್ಟರು. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸುತ್ತಲೇ ಇರಬೇಕೆಂದರು. ಪ್ರತಿ ಸಲವೂ ಶಾಂಭವಿಯೇ ಕರೆದುಕೊಂಡು ಹೋದಳು. ಕೊನೆಯ ಸಲ ಅವಳ ಜೊತೆ ಹೋದದ್ದು ಆಂಜನಮ್ಮ. ಪಾಪುವಿನ ಕಣ್ಣು ಚೆನ್ನಾಗಿದೆ, ಇನ್ನು ಬರಬೇಕಾಗಿಲ್ಲ ಎಂದರು ಕಣ್ಣಿನ ಡಾಕ್ಟರು. ಶಾಂಭವಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಂಜನಮ್ಮ ಕೂಸನ್ನು ತಾವೆತ್ತಿಕೊಂಡು, ಅವಳು ಎದ್ದು ಬರುವವರೆಗೂ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.