ಹನ್ನೆರಡನೇ ಡಬ್ಬಿಯ ಕಹಿ

ಗಸಗಸೆಯ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿಗೆ ಒಂದು ವಾಸನೆಯಿದೆ. ಜಜ್ಜಿದ ಸೊಪ್ಪಿನಂಥದು, ತುಸು ಕಹಿ, ಅದರ ಹಿಂದೆಯೇ ಒದ್ದೆ ಮಣ್ಣಿನದು. ಅಮ್ಮ ಹೊಲದಿಂದ ಬಂದು ನನ್ನನ್ನು ಎತ್ತಿಕೊಂಡಾಗ ಅವಳ ತೋಳಿನಲ್ಲೂ ತಲೆವಸ್ತ್ರದ ಅಂಚಿನಲ್ಲೂ ಅದೇ ಇರುತ್ತಿತ್ತು. ಆಗ ಇಸಿಕ್ ಕುಲ್ ಸರೋವರದ ಸುತ್ತ ಸರಕಾರವೇ ಗಸಗಸೆ ಬೆಳೆಸುತ್ತಿತ್ತು. ಹಾಲು ಒಣಗಿ ಅಫೀಮಾಗಿ ಔಷಧದ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಬೆಳಗಿನ ತಂಪಿನಲ್ಲಿ ಹೆಂಗಸರು ಅದನ್ನು ಕೆರೆದು ಕೆರೆದು ಸೊಂಟಕ್ಕೆ ಕಟ್ಟಿದ ಡಬ್ಬಿಗೆ ತುಂಬುತ್ತಿದ್ದರು. ಕುಲ್ಬುಬು ಎಂಬಾಕೆಗೆ ಎದೆಯ ಕಾಯಿಲೆ. ಅವಳ ಡಬ್ಬಿ ಅರ್ಧಕ್ಕಿಂತ ಮೇಲೆ ಏರುತ್ತಲೇ ಇರಲಿಲ್ಲ. ತೂಕದ ಮೇಜಿಗೆ ಹೋಗುವ ದಾರಿಯಲ್ಲಿ ಪ್ರತಿಯೊಬ್ಬಳೂ ನಡೆಯುತ್ತಲೇ ತನ್ನ ಡಬ್ಬಿಯಿಂದ ಬೆರಳ ತುದಿಯಷ್ಟು ತೆಗೆದು ಅವಳದಕ್ಕೆ ಒರೆಸಿ ಮುಂದೆ ಹೋಗುತ್ತಿದ್ದಳು. ಒರೆಸುವಾಗ ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಬದಿಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಮಾತ್ರ ಅದು ಕಾಣುತ್ತಿತ್ತು.

ನಾನು ಕಾಲೇಜಿನಲ್ಲಿದ್ದಾಗ ಆ ಹೊಲಗಳು ನಿಂತುಹೋದವು. ಔಷಧಶಾಸ್ತ್ರ ಓದಿ ಕರಕೋಲ್ ಪಟ್ಟಣಕ್ಕೆ ಬಂದವಳು ವ್ಯಸನ ಬಿಡಿಸುವ ಆಸ್ಪತ್ರೆಯಲ್ಲಿ ಔಷಧದ ಕಿಟಕಿಯ ಹಿಂದೆ ಕೂತೆ. ಎದ್ದದ್ದು ನಿವೃತ್ತಿಯ ದಿನವೇ. ಎರಡು ವರ್ಷ ಕಳೆದ ಮೇಲೆ ಅದೇ ಆಸ್ಪತ್ರೆಯ ಡಾಕ್ಟರ್ ಬುರುಲ್ ಮನೆಗೆ ಬಂದು, "ಸಾದತ್ ಆಪಾ, ಒಂದು ಪರೀಕ್ಷೆ ಶುರು ಮಾಡ್ತಿದ್ದೀವಿ. ಬಾಯಿ ಮುಚ್ಕೊಂಡು ಇರೋರು ಒಬ್ರು ಬೇಕು. ನನಗೆ ಗೊತ್ತಿರೋರಲ್ಲಿ ನೀವೊಬ್ರೇ" ಎಂದಳು.

ಹೆರಾಯಿನ್ ಬಿಟ್ಟವರು ಮತ್ತೆ ಅದರ ಕಡೆ ಹೋಗದಂತೆ ತಡೆಯುವ ಒಂದು ಔಷಧ. ಅದನ್ನು ದಿನಾ ನುಂಗಿದವರು ಹೆರಾಯಿನ್ ಚುಚ್ಚಿಕೊಂಡರೂ ನಶೆ ಏರುವುದಿಲ್ಲ; ಬಾಗಿಲಿಗೆ ಬೀಗ ಜಡಿದ ಹಾಗೆ. ಅದು ನಮ್ಮ ಜನರಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಬೇಕಿತ್ತು. ನಲವತ್ತು ಜನ ಸೇರಿದರು. ಇಪ್ಪತ್ತು ಜನಕ್ಕೆ ನಿಜವಾದ ಔಷಧ, ಉಳಿದವರಿಗೆ ಅದೇ ಬಣ್ಣದ ಕ್ಯಾಪ್ಸೂಲಿನಲ್ಲಿ ಬರೀ ಸಕ್ಕರೆ ಪುಡಿ. ಹೀಗಿರುತ್ತದೆ ಎಂದು ಮೊದಲೇ ಹೇಳಿ ಎಲ್ಲರಿಂದಲೂ ಸಹಿ ಹಾಕಿಸಿದ್ದೆವು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪಟ್ಟಿ ಇದ್ದದ್ದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ. ಎರಡು ಬಗೆಯ ಕ್ಯಾಪ್ಸೂಲಿಗೂ ಹಳದಿ ವಿಟಮಿನ್ ಒಂದನ್ನು ಬೆರೆಸಿರುತ್ತಿದ್ದರು. ನುಂಗಿದವರ ಮೂತ್ರ ನೇರಳೆ ದೀಪದಡಿ ಮಿನುಗುತ್ತದೆ. ಮಿನುಗಿದರೆ ತಪ್ಪದೆ ನುಂಗುತ್ತಿದ್ದಾರೆ ಎಂದು ನಮ್ಮ ಲೆಕ್ಕ.

ವಾರಕ್ಕೊಮ್ಮೆ ಕಿಟಕಿಯ ಮುಂದೆ ಸಾಲು. ಲಾರಿ ಓಡಿಸುತ್ತಿದ್ದ ಮೆಲಿಸ್ ಪ್ರತಿ ಸಲ ತಲೆ ಒಳಗೆ ತೂರಿಸಿ, "ಆಪಾ, ಈ ವಾರನಾದ್ರೂ ನಿಜದ್ದು ಕೊಡಿ. ಸಕ್ಕರೆ ತಿಂದೂ ತಿಂದೂ ಹೊಟ್ಟೆ ಬಂತು" ಎನ್ನುತ್ತಿದ್ದ.

"ಹೊಟ್ಟೆ ಬಂದಿರೋದು ನಿನ್ನ ಹೆಂಡತಿ ಕೈಯಡುಗೆಗೆ ಕಣೋ. ಸರಿ ಆ ಕಡೆ."

ಅವನ ಹಿಂದೆ ಹನ್ನೊಂದನೇ ನಂಬರಿನ ಅಸಿಲ್, ಹನ್ನೆರಡನೇ ನಂಬರಿನ ನುರ್ದಿನ್. ನುರ್ದಿನ್ ಅವಳ ಮೈದುನ, ಇಬ್ಬರದೂ ಒಂದೇ ಮನೆ. ಅಸಿಲಳ ಗಂಡ ನಾಲ್ಕು ವರ್ಷದ ಹಿಂದೆ ಅದೇ ಹಾಳು ಪುಡಿಗೆ ತೀರಿಕೊಂಡಿದ್ದ. ಐದೈ ಎಂಬ ಎಂಟು ವರ್ಷದ ಮಗಳು ದೂರದ ಹಳ್ಳಿಯಲ್ಲಿ, ಗಂಡನ ತಾಯಿಯ ಬಳಿ ಇದ್ದಳು. ಆರು ತಿಂಗಳು ಶುದ್ಧವಾಗಿದ್ದಾಳೆ ಎಂದು ಆಸ್ಪತ್ರೆಯ ಕಾಗದ ತಂದರೆ ಮಗಳನ್ನು ಕರೆದೊಯ್ಯಬಹುದು ಎಂದು ಮಕ್ಕಳ ಸಮಿತಿಯವರು ಹೇಳಿದ್ದರು. ಅಸಿಲ್ ಸಂತೆಯಲ್ಲಿ ಅಶ್ಲ್ಯಾನ್‌ಫು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಣ್ಣನೆಯ ಹುಳಿ ಖಾರದ ಸಾರಿನಲ್ಲಿ ಶಾವಿಗೆ ಹಾಕಿ ಕೊಡುವ ಕೆಲಸ. ಬೆರಳಿಗೆ ಸದಾ ಬೆಳ್ಳುಳ್ಳಿಯ ವಾಸನೆ. ನುರ್ದಿನ್ ಗಾರೆ ಕೆಲಸದವನು. ಚಳಿಯ ದಿನಗಳಲ್ಲಿ ಹಿಂದಿನ ಮುದುಕರೆಲ್ಲ ಒಳಗೆ ಬರುವ ತನಕ ಆಸ್ಪತ್ರೆಯ ಭಾರದ ಬಾಗಿಲನ್ನು ಕಾಲಿನಿಂದ ತಡೆಹಿಡಿದು ನಿಂತಿರುತ್ತಿದ್ದ. ಹಾಗೆ ಮಾಡುತ್ತಿರುವುದು ಅವನಿಗೇ ಗೊತ್ತಿರಲಿಲ್ಲ ಅನಿಸುತ್ತದೆ.

ಮೊದಲ ತಿಂಗಳೇ ಇರಬೇಕು, ಇಬ್ಬರೂ ಕಿಟಕಿಯ ಮುಂದೆ ಜಗಳವಾಡುತ್ತಿದ್ದರು.

"ನಿನ್ನ ಮುಖ ನೋಡು ಅತ್ತಿಗೆ, ಸಿಹಿ ಸಿಹಿ. ನಿಂಗೆ ಬಿದ್ದಿರೋದು ಸಕ್ಕರೆನೇ."

"ನಿನ್ನ ನಾಲಿಗೆ ನೋಡಿದ್ರೆ ಗೊತ್ತಾಗತ್ತೆ, ನಿಂಗೆ ಬಿದ್ದಿರೋದು ಕಹಿ."

ನಾನು ನಕ್ಕೆ. ನಕ್ಕು ಡಬ್ಬಿಗಳನ್ನು ಕೊಟ್ಟೆ.

ನಾಲ್ಕು ತಿಂಗಳು ತುಂಬಿದಾಗ ಎಲ್ಲರ ರಕ್ತ ತೆಗೆದು ರಾಜಧಾನಿಗೆ ಕಳಿಸಿದೆವು. ಮರುವಾರ ನುರ್ದಿನ್ ಬರಲಿಲ್ಲ. "ರಷ್ಯಾಕ್ಕೆ ಹೋದ ಆಪಾ. ಅಲ್ಲಿ ಕಟ್ಟಡದ ಕೆಲಸ ಸಿಕ್ತು" ಎಂದಳು ಅಸಿಲ್, ಡಬ್ಬಿಯ ಮುಚ್ಚಳ ನೋಡುತ್ತ. ಹಾಗೆ ಹೋಗುವವರು ನಮ್ಮಲ್ಲಿ ಬೇಕಾದಷ್ಟು. ಡಾಕ್ಟರ್ ಬುರುಲ್ ಅವನ ಹೆಸರಿನ ಮುಂದೆ 'ಬಿಟ್ಟು ಹೋದ' ಎಂದು ಬರೆದುಕೊಂಡಳು. ಒಂದು ಮಾತು ಹೇಳದೆ ಹೋದನಲ್ಲ ಎಂದು ನನಗೆ ಸ್ವಲ್ಪ ಬೇಸರವಾಯಿತು.

ರಕ್ತದ ಫಲಿತಾಂಶ ಮೊಹರು ಹಾಕಿದ ಲಕೋಟೆಯಲ್ಲಿ ನನ್ನ ಹೆಸರಿಗೇ ಬಂತು, ಒಂದು ಗುರುವಾರ ಬೆಳಿಗ್ಗೆ. ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುರುತು ಹಾಕುತ್ತ ಬಂದೆ. ಹನ್ನೊಂದು: ಪಟ್ಟಿಯಲ್ಲಿ ಸಕ್ಕರೆ, ರಕ್ತದಲ್ಲಿ ಔಷಧ. ಹನ್ನೆರಡು: ಪಟ್ಟಿಯಲ್ಲಿ ಔಷಧ, ರಕ್ತದಲ್ಲಿ ಏನೂ ಇಲ್ಲ.

ಕೈಯಲ್ಲಿದ್ದ ಪೆನ್ಸಿಲ್ ಮೇಜಿನ ಮೇಲೆ ಉರುಳಿತು. ಮೊದಲು ಹೊಳೆದದ್ದು ಒಂದೇ: ನಾನು ಡಬ್ಬಿ ಅದಲುಬದಲು ಮಾಡಿದ್ದೇನೆ. ನಲವತ್ತು ವರ್ಷಕ್ಕೂ ಮೀರಿ ಔಷಧ ಅಳೆದ ಕೈ ಈಗ ಮುದಿಯಾಗಿದೆ, ಕಣ್ಣು ಮಂಜಾಗಿದೆ, ಯಾರೂ ಹೇಳಿಲ್ಲ ಅಷ್ಟೆ. ಬೀರುವಿನ ತನಕ ಹೋಗಿ, ಪ್ರತಿ ತಿಂಗಳೂ ಮಾದರಿಗೆಂದು ಎತ್ತಿಟ್ಟಿದ್ದ ಡಬ್ಬಿಗಳನ್ನು ಇಳಿಸಿದೆ. ಹನ್ನೊಂದರದೊಂದು ಕ್ಯಾಪ್ಸೂಲ್ ಬಿಚ್ಚಿ ನಾಲಿಗೆಗೆ ಮುಟ್ಟಿಸಿದೆ. ಸಿಹಿ. ಹನ್ನೆರಡರದು ಬಿಚ್ಚಿದೆ. ಬಾಯೆಲ್ಲ ಕಹಿ. ನಾಲ್ಕು ತಿಂಗಳ ಡಬ್ಬಿಗಳೂ ಹಾಗೇ ಇದ್ದವು. ನನ್ನ ಕೈ ತಪ್ಪಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನಗೆ ನಾಲಿಗೆಯಿಂದ ತಿಳಿದದ್ದು ಇನ್ನೊಬ್ಬರಿಗೂ ತಿಳಿಯುತ್ತದಲ್ಲ ಎಂದು ಅಲ್ಲೇ ನಿಂತಲ್ಲೇ ಹೊಳೆಯಿತು.

ಮಧ್ಯಾಹ್ನ ಕೋಟು ಹಾಕಿಕೊಂಡು ಅಸಿಲಳ ಮನೆಗೆ ಹೊರಟೆ. ಮೆಟ್ಟಿಲು ಹತ್ತುವಾಗಲೇ ಕಾದ ಎಣ್ಣೆಯ ವಾಸನೆ ಬಂತು. ಗುರುವಾರ ನಮ್ಮ ಮನೆಗಳಲ್ಲಿ ಸತ್ತವರ ಹೆಸರಿನಲ್ಲಿ ಎಣ್ಣೆ ಕಾಯಿಸಿ ಬೊರ್ಸೊಕ್ ಕರಿಯುತ್ತೇವೆ. ಹಿಟ್ಟಿನ ತುಂಡು ಎಣ್ಣೆಯಲ್ಲಿ ಉಬ್ಬುವಾಗ ಏಳುವ ವಾಸನೆಯಿಂದಲೇ ಅವರ ಹೊಟ್ಟೆ ತುಂಬುತ್ತದೆ ಎಂದು ನಂಬಿಕೆ. ಪಾಪ, ಗಂಡನನ್ನು ಮರೆತಿಲ್ಲ ಎಂದುಕೊಂಡೆ.

ಬಾಗಿಲು ತೆರೆದ ಅಸಿಲ್ ನನ್ನನ್ನು ಕಂಡು ಬೆಚ್ಚಿದಳು. "ಆಪಾ! ನೀವಾ? ಬನ್ನಿ, ಬನ್ನಿ ಒಳಗೆ. ಚಾ ಇಡ್ತೀನಿ."

"ಚಾ ಆಮೇಲೆ. ಒಲೆ ನೋಡ್ಕೋ, ಸೀದೀತು."

ನೆಲದ ಮೇಲೆ ಬಟ್ಟೆ ಹಾಸಿತ್ತು. ಅದರ ಮೇಲೆ ಬೊರ್ಸೊಕ್ ರಾಶಿ ಹಾಕಿದ ಎರಡು ತಟ್ಟೆ. ಒಂದರ ಹಿಂದೆ ಅವಳ ಗಂಡನ ಪಟ. ಇನ್ನೊಂದರ ಹಿಂದೆ ಪಟವಿರಲಿಲ್ಲ. ಮಡಿಸಿಟ್ಟ ಒಂದು ಉಣ್ಣೆ ಟೋಪಿ, ಅದರ ಪಕ್ಕ ನಾನೇ ಕೈಯಾರೆ ಹನ್ನೆರಡು ಎಂದು ಬರೆದು ಅಂಟಿಸಿದ ಡಬ್ಬಿ.

"ಆ ಎರಡನೇ ತಟ್ಟೆ ಯಾರಿಗೆ ಅಸಿಲ್?"

ಅವಳು ಒಲೆಯ ಕಡೆ ತಿರುಗಿದಳು. ಕೈಯಲ್ಲಿದ್ದ ಜಾಲರಿ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ರಷ್ಯಾಕ್ಕೆ ಹೋದೋನಿಗೆ ಯಾರಾದ್ರೂ ಎಣ್ಣೆ ವಾಸನೆ ಎಬ್ಬಿಸ್ತಾರೇನೇ?"

"ಹೋಗಲಿಲ್ಲ ಆಪಾ" ಎಂದಳು. "ಎಲ್ಲೂ ಹೋಗಲಿಲ್ಲ."

ನಾನು ಹಾಸಿದ ಬಟ್ಟೆಯ ಅಂಚಿಗೆ ಕೂತೆ. ಬಾಗಿಲನ್ನು ಕಾಲಿನಿಂದ ತಡೆದು ನಿಲ್ಲುತ್ತಿದ್ದ ಹುಡುಗ. ಮೂವತ್ತೊಂದು ವರ್ಷ. ಸತ್ತು ಹದಿನಾರು ದಿನವಾಗಿತ್ತು.

ಒಲೆ ಆರಿಸಿ ಅವಳೇ ಹೇಳಿದಳು. ಎರಡನೇ ವಾರವೇ ಇಬ್ಬರೂ ಕ್ಯಾಪ್ಸೂಲ್ ಬಿಚ್ಚಿ ನೆಕ್ಕಿ ನೋಡಿದ್ದರು. "ನಂದು ಸಿಹಿ, ಅವಂದು ಕಹಿ. ಕಹಿ ಇದ್ದಿದ್ದೇ ಔಷಧ ಅಂದ. 'ನಿಂಗೆ ಮಗಳಿದ್ದಾಳೆ ಅತ್ತಿಗೆ, ನಂಗೆ ಯಾರಿದ್ದಾರೆ? ನಂದು ಗಟ್ಟಿ ಜೀವ, ಸಕ್ಕರೆ ತಿಂದ್ಕೊಂಡು ಇರ್ತೀನಿ' ಅಂದ. ಬೇಡ ಅಂದೆ ಆಪಾ. ಕೇಳಿಲ್ಲ. ದಿನಾ ಬೆಳಿಗ್ಗೆ ನನ್ನ ಚಾ ಬಟ್ಟಲ ಪಕ್ಕ ಒಂದು ಇಟ್ಟುಬಿಟ್ಟಿರೋನು. ಮಾತಿಲ್ಲ ಕತೆಯಿಲ್ಲ."

"ಆಮೇಲೆ?"

"ಆಮೇಲೆ ಏನು. ಹಳೇ ಸ್ನೇಹಿತನ ಹುಟ್ಟಿದಹಬ್ಬ ಅಂತ ಹೋದ. ಮೊದಲು ಎಷ್ಟು ತಗೋತಿದ್ನೋ ಅಷ್ಟೇ ತಗೊಂಡ್ನಂತೆ. ಅಷ್ಟೇ, ಒಂದು ಚೂರೂ ಜಾಸ್ತಿ ಇಲ್ವಂತೆ."

ನಾಲ್ಕು ತಿಂಗಳು ಬಿಟ್ಟ ದೇಹಕ್ಕೆ ಹಳೆಯ ಅಳತೆ ತಡೆಯುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಎಷ್ಟೋ ಸಲ ಹೇಳಿದ್ದೆವು. ಹೃದಯ ನಿಂತಿತು ಎಂದು ಬರೆಸಿ ಹಳ್ಳಿಯಲ್ಲಿ ಮಣ್ಣು ಮಾಡಿದರಂತೆ. ನಮಗೆ ತಿಳಿದರೆ ಡಬ್ಬಿಯ ವಿಷಯ ಎದ್ದು ಮಗಳು ಕೈತಪ್ಪುತ್ತಾಳೆ ಎಂದು ಅಸಿಲ್ ರಷ್ಯಾದ ಮಾತು ಹುಟ್ಟಿಸಿದಳು.

"ಆ ಡಬ್ಬಿ ಇನ್ನೂ ತುಂಬಿಯೇ ಇದ್ಯಲ್ಲ" ಎಂದೆ.

"ಅದನ್ನ ಮುಟ್ಟೋಕಾಗ್ತಿಲ್ಲ ಆಪಾ. ನನ್ನ ಸಿಹಿದೇ ನುಂಗ್ತಿದ್ದೀನಿ." ಅವಳು ನನ್ನ ಮೊಣಕಾಲಿನ ಹತ್ತಿರಕ್ಕೆ ಸರಿದು ಕೂತಳು. "ಒಂದು ಕೇಳ್ತೀನಿ, ನಿಜ ಹೇಳಿ. ಎರಡೂ ಸುಳ್ಳೇ ತಾನೆ? ಅವಂದೂ ಬರೀ ಪುಡಿ ತಾನೆ? ಕಹಿ ಏನೋ ಬೆರೆಸಿರ್ತೀರ, ನಮಗೆ ಗೊತ್ತಾಗಬಾರದು ಅಂತ. ನಾನು ನನ್ನಷ್ಟಕ್ಕೇ ಗಟ್ಟಿಯಾಗಿದ್ದೆ ಅಲ್ವಾ? ಅವನು ಕೊಟ್ಟಿದ್ದರಿಂದ ಏನೂ ಆಗಲಿಲ್ಲ ಅಲ್ವಾ?"

ಪಟ್ಟಿ ಯಾರಿಗೂ ಹೇಳುವುದಿಲ್ಲ ಎಂದು ನಾನು ಸಹಿ ಹಾಕಿದ್ದೆ. ಹೇಳಲಾರೆ ಎಂದು ಎದ್ದುಬಿಡಬಹುದಿತ್ತು. ಇಲ್ಲವೇ, ಹೌದಮ್ಮ ಎರಡೂ ಸಕ್ಕರೆ ಎಂದುಬಿಟ್ಟರೆ ಆ ಹೆಣ್ಣಿನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಮಾತು. ಆದರೆ ಹದಿನಾರು ದಿನದಿಂದ ಅವಳ ಬಾಗಿಲಿಗೆ ಬೀಗವಿರಲಿಲ್ಲ. ತಾನೇ ಗಟ್ಟಿ ಎಂದು ನಂಬಿ ಹೊರಗೆ ನಡೆದರೆ, ಇನ್ನೊಂದು ಗುರುವಾರ ಐದೈಯ ಅಜ್ಜಿ ಮೂರು ತಟ್ಟೆ ಇಡಬೇಕಾಗುತ್ತಿತ್ತು.

"ಅವಂದು ನಿಜವಾದ ಔಷಧ ಅಸಿಲ್" ಎಂದೆ. "ನಿಂದು ಸಕ್ಕರೆ. ನಾಲ್ಕು ತಿಂಗಳು ನಿನ್ನನ್ನ ಕಾಪಾಡಿದ್ದು ಅದೇ. ಈಗ ನಿನ್ನ ಹತ್ರ ಅದಿಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಕಿಟಕಿ ಹತ್ರ ಬಾ."

ಅವಳು ಹನ್ನೆರಡನೇ ಡಬ್ಬಿಯ ಕಡೆ ನೋಡಿದಳು. ಅಳಲಿಲ್ಲ. "ಹಾಗಾದ್ರೆ ಅವನ ಪಾಲು ನಾನು ತಿಂದೆ" ಎಂದಳು.

ಅವಳ ಭುಜದ ಮೇಲೆ ಕೈಯಿಟ್ಟೆ. ಆ ಭುಜ ಕಲ್ಲಿನಂತೆ ಬಿಗಿದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಡಾಕ್ಟರ್ ಬುರುಲ್‌ಗೆ ಎಲ್ಲವನ್ನೂ ಹೇಳಿದೆ, ಪಟ್ಟಿಯ ಗುಟ್ಟು ಒಡೆದದ್ದನ್ನೂ. ಅವಳು ಹಾಕಿದ್ದ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು.

"ಎಪ್ಪತ್ತು ಪುಟ ನಿಯಮ ಬರೆದ್ವಿ ಆಪಾ. ಮೂತ್ರ ಮಿನುಗಬೇಕು, ಮುಚ್ಚಳ ಹೀಗಿರಬೇಕು, ಹಾಗಿರಬೇಕು. ಒಂದೇ ಮನೇಲಿ ಇಬ್ರಿದ್ರೆ ಒಬ್ಬರು ತಿನ್ನೋವಾಗ ಇನ್ನೊಬ್ಬರಿಗೆ ಕೊಡದೆ ಇರಲ್ಲ ಅಂತ ಒಬ್ಬರಿಗೂ ಹೊಳೀಲಿಲ್ವಲ್ಲ! ನಾವೇನು ಬೇರೆ ದೇಶದಿಂದ ಬಂದವರಾ?"

"ನನಗೆ ಹೊಳೀಬೇಕಿತ್ತು" ಎಂದೆ.

ನನ್ನ ಬಾಲ್ಯದಲ್ಲಿ, ಕುಲ್ಬುಬುವಿನ ಡಬ್ಬಿ ದಿನಾ ತುಂಬಿರುತ್ತದೆ, ಅವಳು ಗಟ್ಟಿಯಾಗಿದ್ದಾಳೆ ಎಂದು ಮರುವರ್ಷ ಅವಳಿಗೆ ಏರಿನ ಹೊಲ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅಲ್ಲೇ ಬಿದ್ದು ಸತ್ತಳು. ಅಮ್ಮ ಆ ಸಂಜೆ ತನ್ನ ಬೆರಳುಗಳನ್ನು ಉಜ್ಜಿ ಉಜ್ಜಿ ತೊಳೆದದ್ದು ನೆನಪಿದೆ. ಇದನ್ನು ಡಾಕ್ಟರಿಗೆ ಹೇಳಲಿಲ್ಲ.

ವರದಿ ನಾನೇ ಬರೆದೆ. ರಾಜಧಾನಿಯಿಂದ ಇಬ್ಬರು ಬಂದು ಹನ್ನೊಂದನ್ನೂ ಹನ್ನೆರಡನ್ನೂ ಪರೀಕ್ಷೆಯಿಂದ ತೆಗೆದುಹಾಕಿದರು. ಒಂದೇ ಮನೆಯವರಿಗೆ ಇನ್ನು ಬೇರೆ ಬೇರೆ ಡಬ್ಬಿ ಕೊಡಕೂಡದು ಎಂದು ಹೊಸ ನಿಯಮವಾಯಿತು. ಪಟ್ಟಿಯ ಗುಟ್ಟು ಒಡೆದವಳ ಕೈಯಲ್ಲಿ ಅದು ಇರಬಾರದೆಂದು ನನ್ನ ಪೆಟ್ಟಿಗೆಯ ಬೀಗದ ಕೈ ಪಡೆದುಕೊಂಡರು, ಅದು ನ್ಯಾಯವೇ. ಅಸಿಲ್ ಶುದ್ಧವಾಗಿಯೇ ಇದ್ದದ್ದು ಸುಳ್ಳಲ್ಲವಲ್ಲ. ಆರು ತಿಂಗಳು ತುಂಬಿದರೆ ಆ ಕಾಗದಕ್ಕೆ ತಾನೇ ಸಹಿ ಹಾಕುತ್ತೇನೆ ಎಂದಳು ಬುರುಲ್. ಆಸ್ಪತ್ರೆಯ ದಾಸ್ತಾನಿನಿಂದ ನಿಜವಾದ ಔಷಧ ಕೊಡಿಸಿದಳು, ಆದರೆ ಮನೆಗೆ ಒಯ್ಯುವಂತಿಲ್ಲ. ದಿನಾ ಕಿಟಕಿಯಲ್ಲಿ, ನನ್ನ ಕಣ್ಣೆದುರು.

ಆ ಗುರುವಾರದ ಮರುದಿನ ಬೆಳಿಗ್ಗೆ ಅಸಿಲ್ ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲು ತೆರೆಯುವ ಮೊದಲೇ ಬಂದು ಕೂತಿದ್ದೆ. ಬಂದಳು. ನನ್ನ ಮುಖ ನೋಡದೆ ನುಂಗಿ ಹೋದಳು. ಹೀಗೆ ಆರು ದಿನ. ತನ್ನ ವಾರದ ಡಬ್ಬಿಗೆ ಬಂದ ಮೆಲಿಸ್ ಕೂಡ ಅವಳ ಹಿಂದೆ ನಿಂತಾಗ ತಮಾಷೆ ಮಾಡಲಿಲ್ಲ. ಬಾಗಿಲ ಹತ್ತಿರ ಹೋಗಿ, ಅವಳು ದಾಟುವ ತನಕ ಅದನ್ನು ಹಿಡಿದುಕೊಂಡಿದ್ದ.

ಏಳನೆಯ ದಿನ ಗುರುವಾರ. ಕ್ಯಾಪ್ಸೂಲ್ ನಾಲಿಗೆಯ ಮೇಲಿಟ್ಟು ನೀರು ಕುಡಿದು, ನಿಯಮದಂತೆ ಬಾಯಿ ತೆರೆದು ತೋರಿಸಿದಳು. ಸರಿ ಎಂದು ತಲೆಯಾಡಿಸಿ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ತಲೆಯೆತ್ತಿದಾಗ ಅವಳು ಹೋಗಿರಲಿಲ್ಲ. ಚೀಲದಿಂದ ಬಟ್ಟೆ ಕಟ್ಟಿದ ಬಟ್ಟಲೊಂದನ್ನು ತೆಗೆದು, ಸಾರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಕೆಳಗಿನ ಸಂದಿಯಿಂದ ನನ್ನ ಕಡೆಗೆ ಸರಿಸಿದಳು. ಅಶ್ಲ್ಯಾನ್‌ಫು. ಕಟ್ಟಿದ ಬಟ್ಟೆಯ ಮೇಲೆ, ಕಾಗದದಲ್ಲಿ ಸುತ್ತಿದ ಎರಡು ಬೊರ್ಸೊಕ್, ಇನ್ನೂ ಬಿಸಿ.