ಸಮುದ್ರ ಮಟ್ಟದಿಂದ ಟೆಸ್ಟ್ ಮೂರು

ಅನಗವಾಡಿಯಲ್ಲಿ ‘ಲೆವಲ್’ ಎಂದರೆ ಒಂದೇ ಅರ್ಥ. ಆಲಮಟ್ಟಿಯ ಹಿನ್ನೀರು ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಮೇಲೆ ನಿಂತಿದೆ ಎಂಬ ಅಂಕಿ. ಐನೂರಾ ಹತ್ತೊಂಬತ್ತು ಪಾಯಿಂಟ್ ಆರಕ್ಕೆ ಯಾರ ಹೊಲ ಹೋಗುತ್ತದೆ, ಯಾರ ಹಿತ್ತಲು ಉಳಿಯುತ್ತದೆ ಎಂಬುದು ಅಲ್ಲಿ ಶಾಲೆಗೆ ಹೋಗದ ಮಕ್ಕಳಿಗೂ ಗೊತ್ತಿತ್ತು. ಹೆಣ್ಣು ಕೊಡಲು ಬಂದವರು ವರನ ಓದು ಕೇಳುವ ಮೊದಲು, “ಮನಿ ಎಷ್ಟು ಲೆವಲ್‌ನಾಗ ಐತ್ರಿ?” ಎಂದು ಕೇಳುತ್ತಿದ್ದರು. ಐನೂರಾ ಇಪ್ಪತ್ತೈದು ಎಂದರೆ ಚಹಾ ಕುಡಿಯುತ್ತಿದ್ದರು. ಹದಿನೆಂಟು ಎಂದರೆ ಬಸ್ಸಿನ ವೇಳೆ ಆಯಿತೆಂದು ಏಳುತ್ತಿದ್ದರು.

ಈ ಲೆವಲ್ಲನ್ನು ದಿನಾ ಬೆಳಿಗ್ಗೆ ಎಂಟಕ್ಕೆ ನೋಡಿ ಬರೆಯುವವನು ಅಂದಾನೆಪ್ಪ, ನೀರಾವರಿ ಇಲಾಖೆಯ ಗೇಜ್ ರೀಡರ್. ದಂಡೆಯ ಮೇಲೆ ಮೆಟ್ಟಿಲಂತೆ ನೆಟ್ಟ ಕರಿ-ಬಿಳಿ ಪಟ್ಟೆಯ ಗೇಜ್ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ತೆರೆ ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ ನೋಡಿ, ಎರಡರ ನಡುವಿನ ಅಂಕಿಯನ್ನು ಹಿಡಿಯುತ್ತಿದ್ದ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ರಿಜಿಸ್ಟರಿನಲ್ಲಿ ನಾಲ್ಕು ಕಾಲಂ: ದಿನಾಂಕ, ವೇಳೆ, ಲೆವಲ್, ಷರಾ. ನಾಲ್ಕನೆಯದರಲ್ಲಿ ಹದಿನೆಂಟು ವರ್ಷ ಏನೂ ಬರೆಯುವ ಪ್ರಸಂಗ ಬಂದಿರಲಿಲ್ಲ. ಅಂಕಿ ತಪ್ಪಿದರೆ ರಬ್ಬರು ಮುಟ್ಟುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಹಾಕಬೇಕು. ಆ ನಿಯಮವನ್ನು ಅವನು ಕಿರಾಣಿ ಚೀಟಿಗೂ ಪಾಲಿಸುತ್ತಿದ್ದ.

ಊರಿನವರು ಎದುರಾದರೆ “ಲೆವಲ್ ಎಷ್ಟ್ರೀ?” ಎನ್ನುತ್ತಿದ್ದರು, ಅಂಕಿ ಕೇಳಿಕೊಂಡು ಮುಂದೆ ಹೋಗುತ್ತಿದ್ದರು. ಒಮ್ಮೆ ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದಾಗ ಹೇಳಿದರೂ ಕೇಳಿದವನು, “ಪಾಯಿಂಟ್ ಎಂಟೋ, ಪಾಯಿಂಟ್ ಎಂಟೆಂಟೋ?” ಎಂದಷ್ಟೇ ವಿಚಾರಿಸಿದ್ದ. ಹೆಂಡತಿ ತಂಗೆವ್ವನೂ ಬಾಗಿಲು ತೆಗೆಯುವ ಮೊದಲು ಒಳಗಿನಿಂದಲೇ ಲೆವಲ್ ಕೇಳುತ್ತಿದ್ದಳು. ಅವಳ ತವರಿನ ಹೊಲ ಐನೂರಾ ಹದಿನೆಂಟರಲ್ಲಿತ್ತು.

ಎರಡು ಸಾವಿರದ ಎಂಟರ ಜುಲೈ ತಿಂಗಳಲ್ಲಿ ಆದೇಶ ಬಂತು: ಇನ್ನು ಮೇಲೆ ಲೆವಲ್ಲನ್ನು ಇ-ಮೇಲ್ ಮೂಲಕ ಕಳಿಸತಕ್ಕದ್ದು. ಅಂದಾನೆಪ್ಪ ಟಂಟಂ ರಿಕ್ಷಾ ಹತ್ತಿ ಬೀಳಗಿಗೆ ಹೋದ. ಅಲ್ಲಿ ಚಿದಾನಂದನ ಇಂಟರ್ನೆಟ್ ಸೆಂಟರ್ ಇತ್ತು. ಮೂರು ಕಂಪ್ಯೂಟರು, ಒಂದು ಯುಪಿಎಸ್. ಆ ಹೊತ್ತಿಗೆ ಸರಿಯಾಗಿ ಯುಪಿಎಸ್ ಹೊಗೆ ಉಗುಳುತ್ತಿತ್ತು.

“ಮೂರನೇದಕ್ಕ ಕುಂಡ್ರಿ ಕಾಕಾ. ಕೆಳಗೊಂದು ಡಬ್ಬಿ ಕಾಣತೈತಿ ನೋಡ್ರಿ, ಅದರಾಗ ಟೈಪ್ ಮಾಡಿ ಎಂಟರ್ ಹೊಡೀರಿ,” ಎಂದು ಚಿದಾನಂದ ಸ್ಕ್ರೂಡ್ರೈವರ್ ಹಿಡಿದು ಓಡಿದ.

ಮೂರನೆಯ ಕಂಪ್ಯೂಟರಿನಲ್ಲಿ ಒಂದು ಆಟ ತೆರೆದೇ ಇತ್ತು. ಅದರ ಹೆಸರು ‘ಸೆವೆನ್ ಗೇಟ್ಸ್’. ಈ ಕಡೆಯ ಹುಡುಗರ ಬಾಯಲ್ಲಿ ‘ಏಳಗಸಿ’. ದೇಶದ ಮೂಲೆಮೂಲೆಯ ಜನ ತಮತಮಗೆ ಬೇಕಾದ ವೇಷ ಹಾಕಿ, ರಾಣಿಯೋ ಮಾಂತ್ರಿಕನೋ ಆಗಿ, ಒಂದೊಂದೇ ಅಗಸಿಬಾಗಿಲು ದಾಟುತ್ತ ಹೋಗುವ ಆಟ. ಗಿರಾಕಿಗಳಿಗೆ ತೋರಿಸಲೆಂದು ಚಿದಾನಂದ ಅದರಲ್ಲಿ ಒಂದು ಪಾತ್ರ ಮಾಡಿ ಬಿಟ್ಟಿದ್ದ. ಹೆಸರು ‘ಟೆಸ್ಟ್ ಮೂರು’. ಸೊಂಟಕ್ಕೊಂದು ಚಿಂದಿ, ಕೈಯಲ್ಲೊಂದು ಕೋಲು, ಮೊದಲನೆಯ ಅಗಸಿಯ ಪಕ್ಕದ ಕೆರೆಯ ಬಳಿ ನಿಂತೇ ಇರುವುದು. ಕನ್ನಡದವರೆಲ್ಲ ಸೇರಿ ಹರಟುತ್ತಿದ್ದದ್ದು ಅದೇ ಕೆರೆಯ ದಂಡೆಯಲ್ಲಿ.

ಅಂದಾನೆಪ್ಪ ಕನ್ನಡಕ ಏರಿಸಿ ನೋಡಿದ. ಕೆರೆಯ ಚಿತ್ರ ಇತ್ತು, ಇಲಾಖೆಯದೇ ಸರಿ. ಕೆಳಗಿನ ಡಬ್ಬಿಯಲ್ಲಿ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ್ದರು: “ಟೆಸ್ಟ್ ಮೂರು, ನಿಮ್ಮ ಲೆವಲ್ ಎಷ್ಟು?”

ಸಾಹೇಬರು ಕಾದು ಕೂತಿದ್ದಾರೆಂದು ಅವನಿಗೆ ಗಾಬರಿಯಾಯಿತು. ಒಂದೇ ಬೆರಳಿನಲ್ಲಿ 514.35 ಎಂದು ಒತ್ತಿ, ಎಂಟರ್ ಹೊಡೆದು, ನಮಸ್ಕಾರ ಮಾಡಿ ಎದ್ದುಬಂದ.

ಆ ಆಟದಲ್ಲಿ ಆಟಗಾರರ ದರ್ಜೆಗೂ ಲೆವಲ್ ಎಂದೇ ಹೆಸರು. ಕೆರೆಯ ಕಪ್ಪೆ ಹೊಡೆಯುತ್ತ ಒಂದರಿಂದ ಶುರು, ಅರವತ್ತಕ್ಕೆ ಮುಗಿಯಿತು. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಕೇಳಬೇಕು, ಹೇಳಿದ್ದನ್ನು ನಂಬಬೇಕು.

ಮರುದಿನ ಅವನು 514.61 ಹೊಡೆಯುವಾಗ ಡಬ್ಬಿ ತುಂಬಿ ತುಳುಕುತ್ತಿತ್ತು.

“ಗುರುಗಳ, ಒಂದ ರಾತ್ರ್ಯಾಗ ಪಾಯಿಂಟ್ ಇಪ್ಪತ್ತಾರು ಏರೀರಿ! ಹೆಂಗ ಏರಸ್ತೀರಿ?” ಎಂದು ರಾಣಿ ರತ್ನಮಾಲಾ ಎಂಬವಳು ಕೇಳಿದ್ದಳು.

ಇ-ಮೇಲ್ ಬಂದ ಮೇಲೆ ಇಲಾಖೆಯವರ ಮಾತು ಎಷ್ಟು ಮೃದುವಾಯಿತೆಂದುಕೊಂಡು ಅಂದಾನೆಪ್ಪ ಟೈಪ್ ಮಾಡಿದ: “ನಾ ಏರಸಂಗಿಲ್ರಿ. ಮ್ಯಾಲ ಮಳಿ ಆದ್ರ ತಾನ ಏರತೈತಿ.”

“ಹಂಗಾದ್ರ ನಾವೇನ್ ಮಾಡೂಣ್ರಿ?”

“ನೋಡೂದು, ಬರಕೊಳ್ಳೂದು. ಕೈ ಹಚ್ಚಬಾರದು.”

“ಪೂರಾ ಏರಿದ ಮ್ಯಾಲ ಏನ್ ಸಿಗತೈತ್ರಿ?” ಎಂದು ಬೆಂಕಿಭೈರವ ಎಂಬ ಮಾಂತ್ರಿಕ ಕೇಳಿದ.

“ಸಿಗೂದೇನಿಲ್ಲ. ಮನಿ ಮಠ ಬಿಟ್ಟು ಎದ್ದು ಹೋಗಬೇಕಾಕ್ಕೈತಿ.”

ಅರವತ್ತರಲ್ಲಿ ಮುಗಿಯುವ ಲೆವಲ್ಲನ್ನು ಐನೂರಕ್ಕೆ ಒಯ್ದು, ಚಿಂದಿ ಉಟ್ಟು, ಅಲುಗಾಡದೆ ನಿಂತ ಈ ಅವಧೂತನನ್ನು ಅವರು ಸುತ್ತುಗಟ್ಟಿ ನೋಡಿದರು. ಕೊನೆಗೆ ಮಾಯಾಕೇತು ಎಂಬವನು ಧೈರ್ಯ ಮಾಡಿ, “ಏಳನೇ ಅಗಸಿ ನೋಡೀರೇನ್ರಿ?” ಎಂದ. ಇಂಗ್ಲಿಷಿನಲ್ಲಿ ಅವನು ಬರೆದದ್ದು ‘ಗೇಟ್’ ಎಂದೇ.

“ಏಳನೇದೇನ್ರಿ, ಇಪ್ಪತ್ತಾರೂ ನೋಡೇನಿ. ಮೊನ್ನಿ ನಾಕು ತಗದಿದ್ರು.”

ಆಲಮಟ್ಟಿಗೆ ಇಪ್ಪತ್ತಾರು ಗೇಟುಗಳೇ. ಆದರೆ ಏಳರ ಆಚೆ ಇನ್ನೂ ಹತ್ತೊಂಬತ್ತು ಗುಪ್ತ ಅಗಸಿಗಳಿವೆ ಎಂಬ ಸುದ್ದಿ ಸಂಜೆಯೊಳಗೆ ಆಟದ ತುಂಬ ಹಬ್ಬಿತು.

ಇಷ್ಟೇ ಆಗಿದ್ದರೆ ಅಂದಾನೆಪ್ಪ ಅಂಕಿ ಹೊಡೆದು ಎದ್ದುಬರುತ್ತಿದ್ದ. ಐದನೆಯ ದಿನ ರಾಣಿ ರತ್ನಮಾಲಾ, “ಊಟ ಆತ್ರಿ?” ಎಂದು ಕೇಳಿಬಿಟ್ಟಳು. ಅವನ ಬೆರಳು ಗಾಳಿಯಲ್ಲಿಯೇ ನಿಂತಿತು. ಲೆವಲ್ ಹೇಳಿದ ಮೇಲೆ ಅವನನ್ನೇ ಕುರಿತ ಪ್ರಶ್ನೆ ಹದಿನೆಂಟು ವರ್ಷದಲ್ಲಿ ಬಂದಿರಲಿಲ್ಲ. ಅವನು ರೊಟ್ಟಿಯನ್ನೂ ಹೆಸರುಕಾಳಿನ ಪಲ್ಯವನ್ನೂ, ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದನ್ನೂ ಬರೆದ. ಕುಕ್ಕರಗಾಲಲ್ಲಿ ಕೂತು ಮೊಣಕಾಲು ಹಿಡಿದದ್ದನ್ನೂ ಬರೆದ. ಮರುದಿನ ಬೆಂಕಿಭೈರವ ಮೊಣಕಾಲು ವಿಚಾರಿಸಿದ. ಮಾಯಾಕೇತು ಒಂದು ಎಣ್ಣೆಯ ಹೆಸರು ಹೇಳಿದ. ಒಂದು ದಿನ ಟಂಟಂ ಬಾರದೆ ಹೋಗುವುದು ತಪ್ಪಿದಾಗ, ‘ಗುರುಗಳು ಎಲ್ಲಿ’ ಎಂದು ಇಪ್ಪತ್ತಮೂರು ಸಾಲು ಬಂದಿದ್ದವು. ಅಂದಾನೆಪ್ಪ ಅವನ್ನು ಎರಡು ಸಲ ಎಣಿಸಿ, ಎರಡೂ ಸಲ ಅಷ್ಟೇ ಬಂದ ಮೇಲೆ ಒಪ್ಪಿಕೊಂಡ.

ಅವನು ಬೀಳಗಿಗೆ ಇಸ್ತ್ರಿ ಅಂಗಿ ಹಾಕತೊಡಗಿದ.

“ಹೊಳಿ ಲೆವಲ್ ಹೇಳಾಕ ಇಸ್ತ್ರಿ ಯಾಕ ಬೇಕು?” ಎಂದಳು ತಂಗೆವ್ವ. “ಹೊಳಿಗೆ ನಿಮ್ಮನ್ನ ನೋಡಿ ನಾಚಿಕಿ ಬರತೈತೇನು?”

“ಆಫೀಸಿನವ್ರು ಭಾಳ ಛಲೋ ಮಂದಿ ಬಂದಾರ,” ಎಂದ ಅಂದಾನೆಪ್ಪ. “ಒಬ್ಬಾಕಿ ರಾಣಿ ಅದಾಳ.”

ಆ ಉತ್ತರದ ನಂತರ ಎರಡು ದಿನ ಮನೆಯಲ್ಲಿ ಪಲ್ಯಕ್ಕೆ ಉಪ್ಪೇ ಬೀಳಲಿಲ್ಲ.

ಆಗಸ್ಟ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಸಹಾಯಕ ಎಂಜಿನಿಯರ್ ಪರಮೇಶ ಫೋನ್ ಮಾಡಿದ.

“ಅಂದಾನೆಪ್ಪಾ, ನಿನ್ನ ಒಂದೂ ಇ-ಮೇಲ್ ಬಂದಿಲ್ಲಲ್ಲೋ. ತಿಂಗಳ ಆತು.”

“ದಿನಾ ಕಳಸೇನ್ರಿ ಸರ! ತಿಂಗಳಿಂದ ಬಂದಿಲ್ಲಂದ್ರ ಇವತ್ತ ಯಾಕ ಕೇಳಾಕತ್ತೀರಿ?”

“ಇವತ್ತ ತಿಂಗಳ ತಖ್ತೆ ಮಾಡಬೇಕಾಗೇತಿ, ಅದಕ್ಕ ನೆನಪಾತು.”

ಅಂದಾನೆಪ್ಪ ಇಸ್ತ್ರಿ ಇಲ್ಲದ ಅಂಗಿಯಲ್ಲೇ ಬೀಳಗಿಗೆ ಓಡಿದ. ಚಿದಾನಂದ ಮೂರನೆಯ ಕಂಪ್ಯೂಟರನ್ನು ಮೇಲಿಂದ ಕೆಳಗೆ ಓದಿದ, ಮತ್ತೆ ಓದಿದ, ಆಮೇಲೆ ನಗಲು ಹೋಗಿ ಯುಪಿಎಸ್ ಮೇಲೆ ಕೂತುಬಿಟ್ಟ.

“ಇವರು ಯಾರೂ ಆಫೀಸಿನವರಲ್ಲ ಕಾಕಾ. ಇದು ಆಟ. ನಮ್ಮ ದೊಡ್ಡಾಟದಾಗ ವೇಷ ಹಾಕತಾರಲ್ಲ, ಹಂಗ. ಬಣ್ಣ ಹಚ್ಚೂದು ಅಷ್ಟ ಇಲ್ಲ.”

“ಹಂಗಾದ್ರ ನನ್ನ ಪಾತ್ರ ಯಾವುದು?”

“ನೀವು ಟೆಸ್ಟ್ ಮೂರು.”

“ಇವನ ಖರೆ ಲೆವಲ್ ಎಷ್ಟು?”

“ಒಂದು. ಒಂದರ ಕೆಳಗ ಇಲ್ಲಂತ ಒಂದು.”

ಅಂದಾನೆಪ್ಪ ಸ್ಟೂಲಿನ ಮೇಲೆ ಕೂತ. ಇಪ್ಪತ್ತೊಂಬತ್ತು ದಿನ ಇಪ್ಪತ್ತೊಂಬತ್ತು ತಪ್ಪು ಅಂಕಿ ಕೊಟ್ಟಂತಾಗಿತ್ತು. ಅಂಕಿ ತಪ್ಪಲ್ಲ, ಅದನ್ನು ಬರೆದ ಕಾಲಂ ತಪ್ಪು. ಅವನ ದೃಷ್ಟಿಯಲ್ಲಿ ಅದು ಇನ್ನೂ ಕೆಟ್ಟದ್ದು. ಅದಕ್ಕಿಂತ ಕೆಟ್ಟದ್ದೊಂದು ಡಬ್ಬಿಯ ಕೊನೆಯ ಸಾಲಿನಲ್ಲಿತ್ತು. ರವಿವಾರ ಬೆಳಿಗ್ಗೆ ಹತ್ತಕ್ಕೆ ನಲವತ್ತೊಂದು ಜನ ಗುರುಗಳ ಬೆಂಬಲದಿಂದ ಏಳನೆಯ ಅಗಸಿಗೆ ನುಗ್ಗುವವರಿದ್ದರು. ಅಲ್ಲಿ ಏಳು ಹೆಡೆಯ ಹಾವು. ಅಲ್ಲಿ ಸತ್ತವರಿಗೆ ಗಳಿಸಿದ್ದೊಂದೂ ಉಳಿಯದು. ಚಿಂದಿ ಉಟ್ಟು ಒಂದರಿಂದ ಶುರು ಮಾಡಬೇಕು. ಐನೂರರ ಲೆವಲ್ ಜೊತೆಗಿದೆ ಎಂಬ ಧೈರ್ಯದ ಮೇಲೆ ಅವರು ಎರಡು ಮೂರು ವರ್ಷದ ದುಡಿಮೆಯನ್ನು ಒತ್ತೆ ಇಟ್ಟಿದ್ದರು.

“ಸುಮ್ನ ಇದ್ದುಬಿಡ್ರಿ ಕಾಕಾ,” ಎಂದ ಚಿದಾನಂದ. “ಹೇಳಿದ್ರ ನಾಳಿಂದ ನಿಮ್ಮನ್ನ ಯಾರೂ ಮಾತಾಡಸಂಗಿಲ್ಲ. ರವಿವಾರ ಜ್ವರ ಬಂತಂತ ಹಾಕ್ತೀನಿ.”

ಯೋಗ್ಯ ಸಲಹೆಯೇ. ಜ್ವರ ಎಂದರೆ ಆ ನಲವತ್ತೊಂದು ಜನ ಎಣ್ಣೆ, ಕಷಾಯ, ಗುಳಿಗೆ ಎಲ್ಲ ವಿಚಾರಿಸುತ್ತಿದ್ದರು. ಅಂದಾನೆಪ್ಪ ಶನಿವಾರ ಇಡೀ ದಿನ ಗೇಜ್ ಕಲ್ಲಿನ ಮುಂದೆ ಕೂತಿದ್ದ. ನೀರು ಒಂದು ಸೆಂಟಿಮೀಟರ್ ಕೂಡ ಅಲುಗಲಿಲ್ಲ. ಅದು ಏನಾದರೂ ಹೇಳುತ್ತದೆಂದು ಅವನು ಕಾದದ್ದೂ ಇಲ್ಲ. ಬೇರೆಲ್ಲಿ ಕೂರಬೇಕೆಂದು ತಿಳಿಯಲಿಲ್ಲ, ಅಷ್ಟೆ.

ರವಿವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅವನು ಮೂರನೆಯ ಕಂಪ್ಯೂಟರಿಗೆ ಕೂತ. ನಲವತ್ತೊಂದು ವೇಷಗಳು ಕವಚ, ಕಿರೀಟ, ಬೆಂಕಿಯ ಕತ್ತಿ ಧರಿಸಿ ಏಳನೆಯ ಅಗಸಿಯ ಮುಂದೆ ನೆರೆದಿದ್ದವು. ಟೆಸ್ಟ್ ಮೂರು ಕೆರೆಯ ಬಳಿಯೇ ಇದ್ದ, ಅಗಸಿಯ ನೋಟ ಪರದೆಯ ಮೂಲೆಯ ಚೌಕದಲ್ಲಿ ಕಾಣುತ್ತಿತ್ತು. ಗುರುಗಳು ಅಲ್ಲಿಂದಲೇ ನೋಡಿದರೆ ಸಾಕೆಂದು ಅವರೇ ತೀರ್ಮಾನಿಸಿದ್ದರು.

“ಚಿದಾನಂದಾ, ಹೊಡದ ಹಾಕೂ ಗೆರಿ ಎಲ್ಲೈತಿ?”

“ಇದರಾಗ ಬರಂಗಿಲ್ಲ ಕಾಕಾ.”

ಅಂದಾನೆಪ್ಪ ಅಡ್ಡಗೆರೆಯ ಗುಂಡಿ ಹುಡುಕಿ ಒತ್ತಿದ: “–519.41– 1. ಸಹಿ, ಅಂದಾನೆಪ್ಪ, ಗೇಜ್ ರೀಡರ್.” ಅದರ ಕೆಳಗೆ ಎಲ್ಲವನ್ನೂ ಬರೆದ. ಅದು ಹೊಳೆಯ ಲೆವಲ್, ತನ್ನದಲ್ಲ. ಇಪ್ಪತ್ತಾರು ಗೇಟು ಆಲಮಟ್ಟಿಯವು. ತಾನು ಒಂದು ಕಪ್ಪೆಯನ್ನೂ ಕೊಂದಿಲ್ಲ. “ಒಳಗ ಹೋಗಬ್ಯಾಡ್ರಿ. ತಪ್ಪಾತು.”

ಹೊಳೆ ನೋಡುವ ಹಾಗೆಯೇ ಅವನು ಡಬ್ಬಿಯನ್ನು ನೋಡಿದ: ಏರಿಲ್ಲ, ಇಳಿದಿಲ್ಲ. ಅಗಸಿಯ ಹಿಂದೆ ಹಾವು ಒಂದು ಹೆಡೆ ಎತ್ತಿತು.

ರಾಣಿ ರತ್ನಮಾಲಾಳ ಸಾಲು ಬಂತು: “ಒಂದ್ ನಿಮಿಷ ತಡೀರಿ. ಆ ಲೆವಲ್ ಎಲ್ಲಿಂದ ಅಳದದ್ದು?”

“ಸಮುದ್ರದಿಂದ್ರಿ.”

“ಹಂಗಾದ್ರ ಮುಧೋಳ ಎಷ್ಟ್ ಬರತೈತಿ? ನಾ ಮುತ್ತಣ್ಣ, ಮುಧೋಳದವ. ಫ್ಯಾಕ್ಟರ್‍ಯಾಗ ಕಬ್ಬು ತೂಗತೀನಿ.”

ರಾಣಿಗೆ ಮೀಸೆ ಇತ್ತು ಎಂಬ ಸಂಗತಿಯನ್ನು ಅರಗಿಸಿಕೊಳ್ಳಲು ಅಂದಾನೆಪ್ಪನಿಗೆ ಸಮಯವಿರಲಿಲ್ಲ. ಪ್ರಶ್ನೆ ಲೆವಲ್ಲಿನದು, ಉತ್ತರ ಬಾಯಲ್ಲೇ ಇತ್ತು. “ಸುಮಾರು ಐನೂರಾ ನಲವತ್ತೊಂಬತ್ತು.”

“ಅಂದ್ರ ನಾ ಗುರುಗಳಕಿಂತ ಮೂವತ್ತು ಲೆವಲ್ ಮ್ಯಾಲ!”

“ಬನಹಟ್ಟಿ ಎಷ್ಟ್ರಿ?” ಎಂದ ಬೆಂಕಿಭೈರವ. “ನಾ ಉಮಾಶ್ರೀ. ಸೀರಿ ಅಂಚಿನ ಡಿಸೈನ್ ತಗೀತೀನಿ.”

“ಐನೂರಾ ನಲವತ್ತೊಂದರ ಆಜುಬಾಜು, ತಂಗಿ.”

“ಮುಧೋಳಕಿಂತ ಕಡಿಮಿ? ಹೆಂಗ ಸಾಧ್ಯ?”

“ನೀರು ಕೇಳ್ರಿ, ಹೇಳತೈತಿ,” ಎಂದ ಮುತ್ತಣ್ಣ. ಹಾವು ನಾಲ್ಕನೆಯ ಹೆಡೆ ಎತ್ತಿತು.

“ಜಮಖಂಡಿ?” ಎಂದ ಮಾಯಾಕೇತು. ಅವನು ಜಕ್ಕಪ್ಪ, ಅಲ್ಲಿಯ ಔಷಧಿ ಅಂಗಡಿಯವನು.

“ಐನೂರಾ ಐವತ್ತನಾಕು.”

“ನೋಡ್ರಿಪಾ! ಮತ್ತ ನಾ ಕುಂತದ್ದು ಮಾಳಗಿ ಮ್ಯಾಲ. ಇನ್ನೊಂದು ಮೂರು ಮೀಟರ್ ಸೇರಸ್ರಿ.”

“ಮಾಳಗಿ ನಡೆಯಂಗಿಲ್ಲ, ನೆಲದ ಲೆವಲ್ ಹಿಡೀಬೇಕು!” ಎಂದ ಮುತ್ತಣ್ಣ.

“ಯಾಕ ನಡೆಯಂಗಿಲ್ಲ? ನಾ ಏನ್ ನೆಲಕ್ಕ ಕುಂತೇನೇನು?”

ಅಂದಾನೆಪ್ಪ ತೀರ್ಪು ಕೊಡುವ ಮೊದಲೇ ಹಾವಿನ ಏಳನೆಯ ಹೆಡೆ ಎದ್ದಿತ್ತು. “ಹಿಂದ ಸರೀರಿ! ಹಾವು!” ಎಂದು ಅವನು ಒತ್ತುತ್ತಲೇ ಇದ್ದ, ಒಂದೇ ಬೆರಳಿನಲ್ಲಿ. ಸಾಲಿನ ನಡುವೆ ತೇರದಾಳದವನೊಬ್ಬ ತನ್ನೂರನ್ನು ಬಿಟ್ಟದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದ. ಎರಡು ನಿಮಿಷದಲ್ಲಿ ನಲವತ್ತೊಂದೂ ಜನ ಸತ್ತರು. ಒಬ್ಬನೂ ಕತ್ತಿ ಎತ್ತಿರಲಿಲ್ಲ.

ಸತ್ತವರು ಆಟದ ನಿಯಮದಂತೆ ಮೊದಲನೆಯ ಅಗಸಿಯ ಕೆರೆಯ ಬಳಿ ಒಬ್ಬೊಬ್ಬರಾಗಿ ಎದ್ದು ನಿಂತರು. ಕಿರೀಟವಿಲ್ಲ, ಕವಚವಿಲ್ಲ, ಎಲ್ಲರ ಸೊಂಟಕ್ಕೂ ಅದೇ ಚಿಂದಿ, ಕೈಯಲ್ಲಿ ಅದೇ ಕೋಲು. ಟೆಸ್ಟ್ ಮೂರು ಯಾರು, ಮಿಕ್ಕವರು ಯಾರು ಎಂದು ಮೇಲಿನ ಹೆಸರು ಓದದೆ ಗೊತ್ತಾಗುವಂತಿರಲಿಲ್ಲ.

ಅಂದಾನೆಪ್ಪ ಕೈ ಮಡಿಲಲ್ಲಿಟ್ಟು ಬೈಗುಳಕ್ಕೆ ಕಾದ.

“ಅಂದಾನೆಪ್ಪ ಅಣ್ಣಾರ,” ಎಂದು ಬಂತು ಉಮಾಶ್ರೀಯ ಸಾಲು, “ಮೊಣಕಾಲ ಹೆಂಗೈತ್ರಿ?”

ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ಓದಿದ. ಅಷ್ಟೇ ಇತ್ತು. “ಎಣ್ಣಿ ಹಚ್ಚಾಕತ್ತೇನಿ ತಂಗಿ,” ಎಂದು ಬರೆದ.

“ಹಂಗಾದ್ರ ಏಳ್ರಿ,” ಎಂದ ಮುತ್ತಣ್ಣ. “ಹತ್ತು ಕಪ್ಪಿ ಹೊಡದ್ರ ಎರಡನೇ ಲೆವಲ್. ಯಾರೂ ಮಾಳಗಿ ಏರಬ್ಯಾಡ್ರಿ.”

ಮರುವರ್ಷ ರಿಜಿಸ್ಟರ್ ತಪಾಸಣೆಗೆ ಪರಮೇಶ ಅನಗವಾಡಿಗೆ ಬಂದ. ಇ-ಮೇಲುಗಳು ಈಗ ಒಂದನೆಯ ಕಂಪ್ಯೂಟರಿನಿಂದ ತಪ್ಪದೆ ಹೋಗುತ್ತಿದ್ದವು, ಅಂಕಿಗಳೆಲ್ಲ ತಾಳೆಯಾದವು. ಆದರೆ ಹಿಂದಿನ ಆಗಸ್ಟಿನ ಒಂದು ರವಿವಾರದಿಂದ ಷರಾ ಕಾಲಂ ತುಂಬತೊಡಗಿತ್ತು. ಮೊದಲು 2. ಹನ್ನೊಂದು ದಿನದ ಮೇಲೆ 3. ಮಳೆಗಾಲ ಮುಗಿಯುವಾಗ 5. ಜನವರಿಯಲ್ಲಿ ಹೊಳೆ ಇಳಿದರೂ ಅದು ಇಳಿದಿರಲಿಲ್ಲ.

“ಇದೇನೋ ಅಂದಾನೆಪ್ಪಾ? ಯಾವುದರ ಲೆವಲ್ ಇದು?”

“ಅದು ನಂದ್ರಿ, ಸರ.”

ಪರಮೇಶ ಎಂಜಿನಿಯರ್. ಅಂಕಿ ಕಂಡರೆ ಅವನಿಗೆ ಬರುವ ಪ್ರಶ್ನೆ ಒಂದೇ. “ಎಲ್ಲಿಂದ ಅಳದೀ?”

“ಮೊದಲನೇ ಅಗಸಿಯಿಂದ್ರಿ,” ಎಂದ ಅಂದಾನೆಪ್ಪ.

ಪರಮೇಶ ಪುಟದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ.